ಗೆಂಟ್‌ನ ಆರು ರಾತ್ರಿ: ಯುರೋಪಿನ ಸಿಕ್ಸ್ ಡೇ ಟ್ರ್ಯಾಕ್ ರೇಸ್‌ಗೆ ಹೋಗುವವರಿಗೆ

ಯುರೋಪಿಗೆ ಹೋಗಿ ಸಿಕ್ಸ್ ಡೇ ರೇಸ್‌ಗೆ ಇಳಿಯಬೇಕು ಅಂತ ಆಸೆ ಇರುವವರು ದಯವಿಟ್ಟು ಮೊದಲು ಕಾರ್ಬನ್ ಚಕ್ರದ ರೇಟು ನೋಡುತ್ತಾ ಕೂರಬೇಡಿ. ಮೊದಲು ಜೊತೆಗಾರನನ್ನು ಹುಡುಕಿ. ಇದು ಸೈಕಲ್ ಟ್ರ್ಯಾಕಿನಲ್ಲಿ ಆರು ರಾತ್ರಿ ಸುತ್ತುವ, ಇಬ್ಬರ ರೇಸು. ನಿಮ್ಮ ಕಾಲಲ್ಲಿ ಎಷ್ಟೇ ದಮ್ಮಿರಲಿ, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ನಿಮ್ಮ ಕೈ ಹಿಡಿದು ಮುಂದಕ್ಕೆ ಎಸೆಯುವ ಆ ಇನ್ನೊಂದು ಕೈ ಪಳಗಿಲ್ಲ ಅಂದರೆ ಮೊದಲ ರಾತ್ರಿಯೇ ಸುತ್ತುಗಟ್ಟಲೆ ಹಿಂದೆ ಬೀಳುತ್ತೀರಿ. ಉಳಿದ ಐದು ರಾತ್ರಿ ಆ ಲೆಕ್ಕ ಸರಿ ಹೋಗುವುದೇ ಇಲ್ಲ. ಚಕ್ರ, ವೀಸಾ, ಟಿಕೆಟ್ ಎಲ್ಲ ಆಮೇಲೆ.

ಇಲ್ಲಿ ಬರೆಯುವುದೆಲ್ಲ ಬೆಲ್ಜಿಯಂನ ಗೆಂಟ್ ಊರಿನ ರೇಸನ್ನು ಮನಸ್ಸಿನಲ್ಲಿಟ್ಟುಕೊಂಡು. ಸಿಕ್ಸ್ ಡೇ ರೇಸ್‌ಗಳಲ್ಲಿ ಅತ್ಯಂತ ಹೆಸರುವಾಸಿ ಇದೇ, ಮತ್ತು ಹೊಸಬರಿಗೆ ಅತ್ಯಂತ ಕಷ್ಟದ್ದೂ ಇದೇ ಅಂತ ನನ್ನ ಅಭಿಪ್ರಾಯ. ಇದಕ್ಕೆ ತಯಾರಾದವರು ಬರ್ಲಿನ್‌ನಲ್ಲಿ, ರೋಟರ್‌ಡ್ಯಾಮ್‌ನಲ್ಲಿ, ಎಲ್ಲಿ ಬೇಕಾದರೂ ನಿಲ್ಲಬಲ್ಲರು. ಪ್ರತಿ ವರ್ಷ ನವೆಂಬರ್ ಮಧ್ಯದಲ್ಲಿ ಮಂಗಳವಾರ ರಾತ್ರಿ ಶುರುವಾಗಿ ಭಾನುವಾರ ಮುಗಿಯುತ್ತದೆ. ಶುರುವಾಗಿದ್ದು 1922ರಲ್ಲಿ. ನಡೆಯುವ ಜಾಗ ಸಿಟಾಡೆಲ್ ಪಾರ್ಕಿನೊಳಗಿನ ಕುಯ್ಪ್ಕೆ ಎಂಬ ಸಣ್ಣ ವೆಲೊಡ್ರೋಮ್, ಅಂದರೆ ಸೈಕಲ್ ಟ್ರ್ಯಾಕಿನ ಕ್ರೀಡಾಂಗಣ. 1962ರಲ್ಲಿ ಅದಕ್ಕೆ ಬೆಂಕಿ ಬಿತ್ತು, 1965ರ ಹೊತ್ತಿಗೆ ಮತ್ತೆ ಎದ್ದು ನಿಂತಿತು.

ಈಗ ಒಂದು ಸಂಖ್ಯೆ ತಲೆಯಲ್ಲಿ ಇಟ್ಟುಕೊಳ್ಳಿ. ಕುಯ್ಪ್ಕೆಯ ಒಂದು ಸುತ್ತು 166.66 ಮೀಟರ್. ಆರು ಸುತ್ತಿಗೆ ಒಂದು ಕಿಲೋಮೀಟರ್. ಒಲಿಂಪಿಕ್ಸ್ ನಡೆಯುವ ಟ್ರ್ಯಾಕ್, ದೆಹಲಿಯ ಇಂದಿರಾ ಗಾಂಧಿ ಸ್ಟೇಡಿಯಂನ ಟ್ರ್ಯಾಕ್, ಎಲ್ಲ 250 ಮೀಟರ್. 50 ಕಿಲೋಮೀಟರ್ ವೇಗದಲ್ಲಿ ಕುಯ್ಪ್ಕೆಯ ಒಂದು ಸುತ್ತಿಗೆ ಸರಿಯಾಗಿ 12 ಸೆಕೆಂಡ್. ಅಂದರೆ ಆರು ಸೆಕೆಂಡಿಗೊಂದು ತಿರುವು. ನೇರ ದಾರಿ ಅಂತ ಅಂದುಕೊಳ್ಳುವಷ್ಟರಲ್ಲಿ ಮುಂದಿನ ತಿರುವು ಬಂದೇ ಬಿಟ್ಟಿರುತ್ತದೆ. ಉಸಿರು ತೆಗೆದುಕೊಳ್ಳೋಕೆ, ಹಿಂದೆ ತಿರುಗಿ ನೋಡೋಕೆ, ಜೊತೆಗಾರ ಎಲ್ಲಿದ್ದಾನೆ ಅಂತ ಹುಡುಕೋಕೆ ಸಿಗುವ ಸಮಯ ಅಷ್ಟೇ.

ಇಬ್ಬರೇ ಯಾಕೆ, ಆರೇ ದಿನ ಯಾಕೆ ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. 1878ರಲ್ಲಿ ಲಂಡನ್‌ನ ಇಸ್ಲಿಂಗ್ಟನ್‌ನಲ್ಲಿ ಡೇವಿಡ್ ಸ್ಟಾಂಟನ್ ಎಂಬಾತ ಆರು ದಿನದಲ್ಲಿ ಸಾವಿರ ಮೈಲಿ ಸೈಕಲ್ ತುಳಿಯುತ್ತೇನೆ ಅಂತ ಪಂಥ ಕಟ್ಟಿ ಗೆದ್ದ. ಭಾನುವಾರ ದೇವರ ದಿನ, ಹಾಗಾಗಿ ಆರೇ ದಿನ. ಆಮೇಲೆ ಇದು ಅಮೆರಿಕಕ್ಕೆ ಹೋಯಿತು. 1891ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಬ್ಬೊಬ್ಬನೇ ಹಗಲು ರಾತ್ರಿ ತುಳಿಯುವ ರೇಸ್ ನಡೆಯಿತು. ನಿದ್ದೆಯಿಲ್ಲದೆ ಸವಾರರ ತಲೆ ಕೆಡುತ್ತಿತ್ತು. ಕೊನೆಗೆ 1898ರಲ್ಲಿ ಒಬ್ಬ ಸವಾರ ದಿನಕ್ಕೆ 12 ಗಂಟೆಗಿಂತ ಜಾಸ್ತಿ ತುಳಿಯಬಾರದು ಅಂತ ಕಾನೂನು ಬಂತು. ಆಯೋಜಕರು ಇಬ್ಬರ ಜೋಡಿ ಮಾಡಿ ರೇಸ್ ಉಳಿಸಿಕೊಂಡರು. ಜೋಡಿಯಲ್ಲಿ ಇಬ್ಬರೂ ಸರದಿಯಂತೆ ತುಳಿಯುವ ಇವತ್ತಿನ ಮ್ಯಾಡಿಸನ್ ರೇಸ್ ಹುಟ್ಟಿದ್ದು ಹೀಗೆ. ಈಗ ಯಾರೂ 24 ಗಂಟೆ ತುಳಿಯುವುದಿಲ್ಲ. ಸಾಮಾನ್ಯವಾಗಿ ಸಂಜೆ ಶುರುವಾಗಿ ನಡುರಾತ್ರಿ ದಾಟುವವರೆಗೆ, ಆರು ದಿನ.

ಒಂದು ರಾತ್ರಿಯಲ್ಲಿ ಏನೇನಿರುತ್ತದೆ

ಎಲ್ಲವೂ ಒಂದೇ ರೇಸ್ ಅಲ್ಲ. ನಡುನಡುವೆ ಸ್ಪ್ರಿಂಟ್ ಮಾಡಿ ಅಂಕ ಕೂಡಿಸುವ ಪಾಯಿಂಟ್ಸ್ ರೇಸ್, ಪ್ರತಿ ಸಲ ಕೊನೆಯವನು ಹೊರಬೀಳುವ ಎಲಿಮಿನೇಶನ್, ಗಡಿಯಾರದ ವಿರುದ್ಧ ಒಂದೆರಡು ಸುತ್ತು, ಡರ್ನಿ ಎಂಬ ಸಣ್ಣ ಮೋಟಾರು ಗಾಡಿಯ ಹಿಂದೆ ಓಡುವ ರೇಸ್, ಮತ್ತೆ ಮ್ಯಾಡಿಸನ್. ರಾತ್ರಿಯ ದೊಡ್ಡ ಮ್ಯಾಡಿಸನ್ ಎಲ್ಲದಕ್ಕಿಂತ ಮುಖ್ಯ, ಯಾಕೆಂದರೆ ಸುತ್ತು ಗಳಿಸುವುದು (ಅಂದರೆ ಗುಂಪಿಗಿಂತ ಒಂದು ಪೂರ್ತಿ ಸುತ್ತು ಮುಂದೆ ಹೋಗುವುದು), ಕಳೆದುಕೊಳ್ಳುವುದು ಹೆಚ್ಚಾಗಿ ಅಲ್ಲೇ.

ಲೆಕ್ಕ ಇಷ್ಟು. ಮೊದಲು ಸುತ್ತು, ಆಮೇಲೆ ಅಂಕ. ನಿಮಗಿಂತ ಒಂದು ಸುತ್ತು ಮುಂದಿರುವ ಜೋಡಿಯ ಹತ್ತಿರ ಒಂದೇ ಒಂದು ಅಂಕ ಇದ್ದರೂ ಅವರೇ ಮುಂದೆ. ಆದರೆ ಸಾಮಾನ್ಯವಾಗಿ 100 ಅಂಕ ಕೂಡಿದಾಗಲೆಲ್ಲ ಒಂದು ಬೋನಸ್ ಸುತ್ತು ಸಿಗುತ್ತದೆ, ಹಾಗಾಗಿ ಸಣ್ಣ ರೇಸ್‌ಗಳ ಅಂಕವನ್ನು ಸುಮ್ನೆ ಬಿಡುವ ಹಾಗಿಲ್ಲ. ಒಲಿಂಪಿಕ್ಸ್ ಮ್ಯಾಡಿಸನ್‌ನಲ್ಲಿ ಬೇರೆ ಲೆಕ್ಕ: ಅಲ್ಲಿ ಹತ್ತು ಸುತ್ತಿಗೊಂದು ಸ್ಪ್ರಿಂಟ್, 5, 3, 2, 1 ಅಂಕ, ಒಂದು ಸುತ್ತು ಗಳಿಸಿದರೆ 20 ಅಂಕ. ಟಿವಿಯಲ್ಲಿ ಅದನ್ನು ನೋಡಿ ಅಭ್ಯಾಸ ಆಗಿರುವವರು ಇಲ್ಲಿ ತಲೆ ಬದಲಾಯಿಸಿಕೊಳ್ಳಬೇಕು.

ಎಲಿಮಿನೇಶನ್ ಬಗ್ಗೆ ಒಂದು ಮಾತು. ಇಲ್ಲಿ ಗೆರೆ ದಾಟುವಾಗ ಲೆಕ್ಕಕ್ಕೆ ಬರುವುದು ಹಿಂದಿನ ಚಕ್ರ, ಮುಂದಿನದಲ್ಲ. ಯಾರ ಹಿಂಚಕ್ರ ಕೊನೆಗೆ ದಾಟುತ್ತದೋ ಅವರು ಔಟ್. ಹೊಸಬರು ಗುಂಪಿನ ಕೆಳಗೆ, ಒಳಬದಿಯಲ್ಲಿ ಸಿಕ್ಕಿಹಾಕಿಕೊಂಡು ಕಾಲಲ್ಲಿ ಶಕ್ತಿ ಇದ್ದೂ ಹೊರಗೆ ಹೋಗುತ್ತಾರೆ. ಮೇಲಿನ ಬದಿಯಲ್ಲಿ ಇರಿ. ದೂರ ಸ್ವಲ್ಪ ಜಾಸ್ತಿ, ಆದರೆ ದಾರಿ ನಿಮ್ಮದು.

ಡರ್ನಿ ರೇಸ್‌ಗೆ ಅಲ್ಲಿಯೇ ಇರುವ ಅನುಭವಿ ಪೇಸರ್ ನಿಮ್ಮ ಮುಂದೆ ಹೋಗುತ್ತಾರೆ. ಅವರ ಬೆನ್ನ ಹಿಂದೆ ಅಂಟಿಕೊಂಡಿರುವುದು ನಿಮ್ಮ ಕೆಲಸ. ಮಾತು ಎರಡೇ: ಜೋರಾಗಿ ಹೋಗಬೇಕಾದರೆ "ಅಲೇ", ನಿಧಾನ ಮಾಡಬೇಕಾದರೆ "ಹೋ". ದಮ್ಮು ಮುಗಿಯುವ ಮೊದಲೇ "ಹೋ" ಅನ್ನಿ, ಮುಗಿದ ಮೇಲೆ ಅಂದರೆ ಆಗಲೇ ಐದು ಮೀಟರ್ ಗಾಳಿ ಮಧ್ಯೆ ಬಂದಿರುತ್ತದೆ, ಆ ಐದು ಮೀಟರ್ ಮತ್ತೆ ಮುಚ್ಚಲು ಆಗುವುದಿಲ್ಲ.

ಕೈ ಎಸೆತ

ಈಗ ಮುಖ್ಯ ವಿಷಯಕ್ಕೆ ಬರೋಣ. ಮ್ಯಾಡಿಸನ್‌ನಲ್ಲಿ ಜೋಡಿಯಲ್ಲಿ ಒಬ್ಬ ಮಾತ್ರ ರೇಸ್‌ನಲ್ಲಿರುತ್ತಾನೆ. ಇನ್ನೊಬ್ಬ ಟ್ರ್ಯಾಕಿನ ಮೇಲ್ಭಾಗದಲ್ಲಿ ಸುಮಾರು ಅರ್ಧ ವೇಗದಲ್ಲಿ ಸುತ್ತುತ್ತಾ ಉಸಿರು ತೆಗೆದುಕೊಳ್ಳುತ್ತಿರುತ್ತಾನೆ. ಕೆಳಗಿನವನು 50ರಲ್ಲಿ, ಮೇಲಿನವನು 25ರಲ್ಲಿ ಹೋದರೆ ಕೆಳಗಿನವನ ಎರಡು ಸುತ್ತಿಗೊಮ್ಮೆ ಇಬ್ಬರೂ ಸಿಗುತ್ತಾರೆ. ಕುಯ್ಪ್ಕೆಯಲ್ಲಿ ಅಂದರೆ 24 ಸೆಕೆಂಡ್ ಜೀವ ಹಿಂಡುವ ಕೆಲಸ, 24 ಸೆಕೆಂಡ್ ವಿಶ್ರಾಂತಿ, ಮತ್ತೆ 24 ಸೆಕೆಂಡ್. 250 ಮೀಟರ್ ಟ್ರ್ಯಾಕಿನಲ್ಲಾದರೆ ಇದೇ 36 ಸೆಕೆಂಡ್. ಮುಕ್ಕಾಲು ಗಂಟೆಯ ಒಂದು ಮ್ಯಾಡಿಸನ್‌ನಲ್ಲಿ ಇಂಥ ಬದಲಾವಣೆ ನೂರಕ್ಕಿಂತ ಜಾಸ್ತಿ ಆಗುತ್ತದೆ. ಒಂದೊಂದರಲ್ಲೂ ಅರ್ಧ ಸೈಕಲ್ ಉದ್ದ ಕಳೆದುಕೊಂಡರೆ ಎಷ್ಟಾಯಿತು ನೋಡಿ.

ಬದಲಾವಣೆ ಹೇಗೆ ಆಗುತ್ತದೆ ಅಂತ ನಿಧಾನವಾಗಿ ನೋಡೋಣ. ನೀವು ಮೇಲಿದ್ದೀರಿ. ಎಡ ಭುಜದ ಮೇಲಿಂದ ಹಿಂದೆ ನೋಡುತ್ತೀರಿ, ಗುಂಪಿನಲ್ಲಿ ನಿಮ್ಮ ಜೊತೆಗಾರನ ಹೆಲ್ಮೆಟ್ ಕಾಣಿಸುತ್ತದೆ. ಅವನು ಇನ್ನೂ ದೂರ ಇರುವಾಗಲೇ ಕಾಲಿಗೆ ಕೆಲಸ ಕೊಟ್ಟು ಇಳಿಜಾರಿನಲ್ಲಿ ಕೆಳಗೆ ಬರುತ್ತೀರಿ, ಆ ಇಳಿಜಾರೇ ನಿಮಗೆ ವೇಗ ಕೊಡುತ್ತದೆ. ಅವನು ಎಡಗಡೆ, ಅಂದರೆ ಒಳಬದಿಯಿಂದ ಬರುತ್ತಾನೆ. ನಿಮ್ಮ ಬಲಗೈ ಹ್ಯಾಂಡಲ್‌ನ ಕೆಳಬಾಗುವಿನಲ್ಲಿ ಬಿಗಿಯಾಗಿರುತ್ತದೆ, ಎಡಗೈ ಸೊಂಟದ ಹಿಂದಕ್ಕೆ ಚಾಚಿರುತ್ತದೆ. ಅವನ ಬಲಗೈ ಬಂದು ನಿಮ್ಮ ಎಡಗೈಗೆ ಸೇರುತ್ತದೆ, ಹೆಬ್ಬೆರಳು ಹೆಬ್ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಕ್ಷಣ ಇಬ್ಬರೂ ಒಂದೇ ಗಾಡಿ. ಆಗ ಅವನು ತನ್ನ ವೇಗವನ್ನೆಲ್ಲ ತೋಳಿನಲ್ಲಿ ತುಂಬಿ ನಿಮ್ಮನ್ನು ಮುಂದಕ್ಕೆ ಎಸೆಯುತ್ತಾನೆ, ಅದೇ ಹೊತ್ತಿಗೆ ನೀವೂ ಮೊಣಕೈ ಮಡಚಿ ಎಳೆದುಕೊಂಡು ಪೆಡಲ್ ಒತ್ತುತ್ತೀರಿ. ಕೈ ಬಿಟ್ಟ ಮೇಲೆ ಅವನು ನಿಂತ ಹಾಗೆ ಕಾಣಿಸುತ್ತಾನೆ, ನೀವು ಗುಂಪಿನ ವೇಗದಲ್ಲಿರುತ್ತೀರಿ.

ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಇಳಿದು ಬರುವವನು ತುಂಬಾ ನಿಧಾನವಾಗಿರುತ್ತಾನೆ. ಕೈ ಸೇರಿದಾಗ ವೇಗದ ವ್ಯತ್ಯಾಸ ಜಾಸ್ತಿ ಇದ್ದರೆ ಎಸೆಯುವವನ ಭುಜ ಕಿತ್ತು ಬರುವ ಹಾಗೆ ಎಳೆಯುತ್ತದೆ, ಮೂರನೇ ರಾತ್ರಿಗೆ ಆ ಭುಜ ಮೇಲೇಳುವುದಿಲ್ಲ. ಎಸೆತದ ಅರ್ಧ ಕೆಲಸ ಎಸೆಸಿಕೊಳ್ಳುವವನದು.

ಎಸೆದವರು ನೀವಾದರೆ, ಎಸೆದ ಮೇಲೆ ಏನು ಮಾಡಬೇಕು ಅನ್ನುವುದು ಅಷ್ಟೇ ಮುಖ್ಯ, ಜೀವದ ಪ್ರಶ್ನೆ. ತಕ್ಷಣ ಮೇಲಕ್ಕೆ ತಿರುಗಬೇಡಿ. ನಿಮ್ಮ ವೇಗ ಸಟ್ಟನೆ ಬಿದ್ದಿರುತ್ತದೆ, ಹಿಂದಿನಿಂದ ಇಡೀ ಗುಂಪು ಬರುತ್ತಿರುತ್ತದೆ. ಕೆಳಗೆ, ಒಳಬದಿಯಲ್ಲೇ ನೇರವಾಗಿ ಇರಿ. ಗುಂಪು ದಾಟಲಿ. ಬಲ ಭುಜದ ಮೇಲಿಂದ ನೋಡಿ. ಖಾಲಿ ಇದೆ ಅಂತ ಖಾತ್ರಿಯಾದ ಮೇಲೆ ಮೇಲೇರಿ. 2006ರ ನವೆಂಬರ್‌ನಲ್ಲಿ ಇದೇ ಕುಯ್ಪ್ಕೆಯಲ್ಲಿ ಸ್ಪೇನಿನ ಐಸಾಕ್ ಗಾಲ್ವೆಸ್ ಇನ್ನೊಬ್ಬ ಸವಾರನಿಗೆ ತಗುಲಿ ಮೇಲಿನ ಕಂಬಿಗೆ ಬಡಿದು ತೀರಿಕೊಂಡರು. ಅವರು ಆಗ ಮ್ಯಾಡಿಸನ್ ವಿಶ್ವ ಚಾಂಪಿಯನ್. ಅಷ್ಟು ಗೊತ್ತಿದ್ದವರಿಗೇ ಹಾಗಾಯಿತು. ಹೆದರಿಸಲು ಹೇಳುತ್ತಿಲ್ಲ, ಗೆರೆ ಬಿಟ್ಟು ಅಲುಗಾಡುವುದು ಅಲ್ಲಿ ಎಷ್ಟು ದೊಡ್ಡ ತಪ್ಪು ಅಂತ ಮನಸ್ಸಿಗೆ ಬರಲಿ ಅಂತ.

ಇದನ್ನೆಲ್ಲ ಯುರೋಪಿಗೆ ಹೋಗಿ ಕಲಿಯುತ್ತೇನೆ ಅಂದುಕೊಂಡರೆ ತಡವಾಯಿತು. ಇಲ್ಲೇ ಕಲಿಯಿರಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾಶಾಲೆ, ಈ ಕಡೆಯಿಂದ ಬರುವ ಹುಡುಗ ಹುಡುಗಿಯರಲ್ಲಿ ಕಾಲಿನ ಶಕ್ತಿಗೆ ಏನೂ ಕಮ್ಮಿ ಇಲ್ಲ. ಕಮ್ಮಿ ಇರುವುದು ಜೋಡಿಯಾಗಿ ತುಳಿದ ಗಂಟೆಗಳು. ಅದಕ್ಕೆ ಒಳಾಂಗಣ ಟ್ರ್ಯಾಕ್ ಬೇಕಂತಿಲ್ಲ. ಶಾಲೆಯ ಮೈದಾನದಲ್ಲಿ ಸುಣ್ಣದಲ್ಲಿ ಅಂಡಾಕಾರದ ಗೆರೆ ಎಳೆಯಿರಿ. ಮೊದಲ ವಾರ ಬರೀ ಮುಟ್ಟುವುದು, ಸೊಂಟ ಮುಟ್ಟಿ ಮುಂದೆ ಹೋಗುವುದು. ಗಂಟೆಗೆ 15 ಕಿಲೋಮೀಟರ್ ಸಾಕು. ಆಮೇಲೆ ಕೈ ಹಿಡಿಯುವುದು, ಎಸೆಯದೆ ಹತ್ತು ಮೀಟರ್ ಕೈ ಹಿಡಿದೇ ಹೋಗುವುದು. ಆಮೇಲೆ ಎಸೆತ. ವೇಗ 30ಕ್ಕೆ ಬಂದ ಮೇಲೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಟ್ರ್ಯಾಕಿಗೋ, ಸಾಧ್ಯವಾದರೆ ದೆಹಲಿಗೋ ಹೋಗಿ ತಿರುವಿನಲ್ಲಿ ಮಾಡಿ. ದಿನಕ್ಕೆ ಐವತ್ತು ಎಸೆತ, ಅದೇ ಜೊತೆಗಾರನ ಜೊತೆ. ಜೊತೆಗಾರನನ್ನು ಬದಲಾಯಿಸಬೇಡಿ.

ಆಯ್ಕೆ ಹೇಗೆ? ಎತ್ತರ ಸುಮಾರು ಒಂದೇ ಇದ್ದರೆ ಒಳ್ಳೆಯದು, ಕೈಗಳು ಒಂದೇ ಮಟ್ಟದಲ್ಲಿ ಸಿಗುತ್ತವೆ. ಒಬ್ಬ ಸ್ಪ್ರಿಂಟಿನಲ್ಲಿ ಚುರುಕು, ಇನ್ನೊಬ್ಬ ಎಳೆದುಕೊಂಡು ಹೋಗುವವನು ಆದರೆ ಇನ್ನೂ ಒಳ್ಳೆಯದು. ಸ್ಪ್ರಿಂಟಿನ ಸುತ್ತು ಹತ್ತಿರ ಬಂದಾಗ ಚುರುಕಿನವನು ಎರಡು ಮೂರು ಸುತ್ತು ಬಾಕಿ ಇರುವಾಗ ಒಳಗೆ ಬೀಳುವ ಹಾಗೆ ಬದಲಾವಣೆಯ ಲೆಕ್ಕ ಹಿಂದಿನಿಂದಲೇ ಹಾಕಬೇಕು. ಎಲ್ಲಕ್ಕಿಂತ ಮೇಲೆ, ಸೋತ ರಾತ್ರಿ ಒಬ್ಬರ ಮೇಲೊಬ್ಬರು ಹಾರಾಡದ ಸ್ವಭಾವ ಇರಬೇಕು. ಆರು ರಾತ್ರಿ ಟ್ರ್ಯಾಕಿನ ಪಕ್ಕದ ಒಂದೇ ಪುಟ್ಟ ಗೂಡಿನಲ್ಲಿ ಇಬ್ಬರೂ ಇರಬೇಕು. ಬೆಲ್ಜಿಯಂನ ಸವಾರ ಪ್ಯಾಟ್ರಿಕ್ ಸೆರ್ಕು ಗೆಂಟ್ ರೇಸನ್ನು 11 ಸಲ, ಒಟ್ಟು 88 ಸಿಕ್ಸ್ ಡೇ ರೇಸ್‌ಗಳನ್ನು ಗೆದ್ದವರು. ಅದರಲ್ಲಿ ಒಂದನ್ನೂ ಒಬ್ಬರೇ ಗೆದ್ದಿಲ್ಲ.

ಪ್ರವೇಶ ಸಿಗುವುದು ಹೇಗೆ

ಗೆಂಟ್ ರೇಸ್‌ಗೆ ಫಾರ್ಮ್ ತುಂಬಿ ಹಣ ಕಟ್ಟಿ ಹೋಗುವ ಹಾಗಿಲ್ಲ. ಸಾಮಾನ್ಯವಾಗಿ ಹನ್ನೆರಡರ ಆಸುಪಾಸು ಜೋಡಿಗಳು, ಎಲ್ಲರನ್ನೂ ಆಯೋಜಕರೇ ಕರೆಯುತ್ತಾರೆ. 2022ರಲ್ಲಿ ನಿವೃತ್ತರಾದ, ಊರಿನವರೇ ಆದ ಇಲ್ಯೊ ಕೈಸೆ ಅಲ್ಲಿ ತುಳಿಯುತ್ತಿದ್ದರು; ಅಂಥವರು, ಒಲಿಂಪಿಕ್ಸ್ ಪದಕ ಗೆದ್ದವರು ಅಲ್ಲಿರುತ್ತಾರೆ. 2016ರಲ್ಲಿ ಗೆದ್ದ ಜೋಡಿ ಬ್ರಿಟನ್ನಿನ ಬ್ರಾಡ್ಲಿ ವಿಗಿನ್ಸ್ ಮತ್ತು ಮಾರ್ಕ್ ಕ್ಯಾವೆಂಡಿಷ್. ನೇರವಾಗಿ ಆ ಪಟ್ಟಿಗೆ ಸೇರುವ ಕನಸು ಈಗಲೇ ಬೇಡ.

ಬಾಗಿಲು ಬೇರೆ ಇದೆ. ದೊಡ್ಡವರ ರೇಸ್ ಶುರುವಾಗುವ ಮೊದಲು ಅದೇ ಟ್ರ್ಯಾಕಿನಲ್ಲಿ 23 ವರ್ಷದೊಳಗಿನವರ ಜೋಡಿ ರೇಸ್ ನಡೆಯುತ್ತದೆ. ನಮ್ಮವರು ಗುರಿ ಇಡಬೇಕಾದದ್ದು ಅದಕ್ಕೆ. ಆದರೆ ಅದಕ್ಕೂ ಆಯೋಜಕರು ಹೆಸರು ಕೇಳಿರಬೇಕು, ಅಂದರೆ ಯುರೋಪಿನ ಯಾವುದಾದರೂ ಟ್ರ್ಯಾಕಿನಲ್ಲಿ ನೀವು ಗುಂಪಿನಲ್ಲಿ ನೆಟ್ಟಗೆ ತುಳಿದದ್ದನ್ನು ಯಾರಾದರೂ ನೋಡಿರಬೇಕು. ಗೆಂಟ್‌ನಲ್ಲೇ ಎಡ್ಡಿ ಮರ್ಕ್ಸ್ ಹೆಸರಿನ 250 ಮೀಟರ್ ಟ್ರ್ಯಾಕ್ ಇದೆ. ನೆದರ್ಲೆಂಡ್ಸ್‌ನಲ್ಲಿ ಆಪೆಲ್ಡೋರ್ನ್, ಅಲ್ಕಮಾರ್, ಆಮ್ಸ್ಟರ್‌ಡ್ಯಾಮ್ ಇವೆ. ಅಲ್ಲಿಯ ಸ್ಥಳೀಯ ಕ್ಲಬ್ಬಿನ ಮೂಲಕ ಚಳಿಗಾಲದ ಸಣ್ಣ ರೇಸ್‌ಗಳಿಗೆ ಇಳಿಯಿರಿ. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಓದುತ್ತಿರುವ ಕನ್ನಡದ ಮಕ್ಕಳಿಗೆ ಈ ದಾರಿ ಸುಲಭ, ಕ್ಲಬ್ ಸೇರಿ ಅಲ್ಲಿಯದೇ ಲೈಸೆನ್ಸ್ ಪಡೆಯಬಹುದು. ಇಂಗ್ಲೆಂಡಿನಲ್ಲಿದ್ದರೆ ಟ್ರ್ಯಾಕಿನವರು ಹಂತ ಹಂತವಾಗಿ ಪರೀಕ್ಷೆ ಮಾಡಿ ಆಮೇಲೆ ರೇಸ್‌ಗೆ ಬಿಡುತ್ತಾರೆ. ಅದು ಕಿರಿಕಿರಿ ಅನ್ನಿಸಬಹುದು, ಆದರೆ ಗುಂಪಿನಲ್ಲಿ ತುಳಿಯುವುದನ್ನು ಅಷ್ಟು ಚೆನ್ನಾಗಿ ಕಲಿಸುವ ಇನ್ನೊಂದು ದಾರಿ ನನಗೆ ಕಂಡಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮಹಿಳೆಯರ ಮ್ಯಾಡಿಸನ್ ಟೋಕಿಯೋದಿಂದ ಒಲಿಂಪಿಕ್ಸ್‌ನಲ್ಲಿ ಇದೆ, ಪ್ಯಾರಿಸ್‌ನಲ್ಲಿ 120 ಸುತ್ತು, 30 ಕಿಲೋಮೀಟರ್ ಇತ್ತು. ಇಲ್ಲಿ ಮ್ಯಾಡಿಸನ್ ಜೋಡಿಯಾಗಿ ತಯಾರಾಗುವ ಹುಡುಗಿಯರು ಇನ್ನೂ ಕಮ್ಮಿ. ಇವತ್ತು ಶುರು ಮಾಡುವ ಜೋಡಿಗೆ ದಾರಿ ತೆರೆದೇ ಇದೆ.

ಕಾಗದ ಪತ್ರ

ಸೈಕ್ಲಿಂಗ್ ಫೆಡರೇಶನ್ ಆಫ್ ಇಂಡಿಯಾದಿಂದ ಆ ವರ್ಷದ ಲೈಸೆನ್ಸ್, ಅದರಲ್ಲಿ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ನಂಬರ್. ಜೊತೆಗೆ ವಿದೇಶದಲ್ಲಿ ರೇಸ್ ಮಾಡಲು ಫೆಡರೇಶನ್ನಿನ ಅನುಮತಿ ಪತ್ರ. ಲೈಸೆನ್ಸ್ ಇದ್ದೂ ಈ ಪತ್ರ ಇಲ್ಲದೆ ಸ್ಟಾರ್ಟ್ ಗೆರೆಯಿಂದ ವಾಪಸ್ ಬರುವ ಪರಿಸ್ಥಿತಿ ಬೇಡ, ರಾಜ್ಯ ಸಂಸ್ಥೆಯ ಮೂಲಕ ತಿಂಗಳುಗಳ ಮೊದಲೇ ಕೇಳಿ.

ವೀಸಾ ಶೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ. ಹೊರಡುವ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ನವೆಂಬರ್ ರೇಸ್‌ಗೆ ದಸರಾ ಕಳೆದ ಮೇಲೆ ನೋಡೋಣ ಅಂದರೆ ಆಗಲ್ಲ. ಆಯೋಜಕರ ಅಥವಾ ಕ್ಲಬ್ಬಿನ ಆಹ್ವಾನ ಪತ್ರದಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ಹಣ ಕೊಡುವ ಕರಾರು ಇದ್ದರೆ ಯಾವ ಬಗೆಯ ವೀಸಾ ಬೇಕು ಅಂತ ಆಯೋಜಕರಿಂದ ಬರವಣಿಗೆಯಲ್ಲಿ ಪಡೆಯಿರಿ. ಶೆಂಗೆನ್‌ಗೆ ಕನಿಷ್ಠ 30,000 ಯೂರೋ ವಿಮೆ ಬೇಕು. ಆದರೆ ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಪರ್ಧೆಯಲ್ಲಿ ಆದ ಗಾಯವನ್ನು ಹೊರಗಿಟ್ಟಿರುವುದೇ ಜಾಸ್ತಿ, ಆ ಸಣ್ಣ ಅಕ್ಷರಗಳನ್ನು ಓದಿ, ಸ್ಪರ್ಧೆ ಸೇರಿಸಿದ ವಿಮೆಯನ್ನೇ ತೆಗೆದುಕೊಳ್ಳಿ. ಕಾಲರ್ ಮೂಳೆ ಮುರಿಯುವುದು ಈ ಆಟದಲ್ಲಿ ಅಪರೂಪವಲ್ಲ.

ಬೆಂಗಳೂರು ಏರ್‌ಪೋರ್ಟಿನಲ್ಲಿ ಹೊರಡುವಾಗ ಸೈಕಲ್ಲಿಗೆ ಕಸ್ಟಮ್ಸ್‌ನಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಫ್ರೇಮ್ ನಂಬರ್, ಚಕ್ರಗಳ ವಿವರ ಅದರಲ್ಲಿ ಬರೆಸಿ. ಇಲ್ಲದಿದ್ದರೆ ವಾಪಸ್ ಬರುವಾಗ ಇದು ನಿಮ್ಮದೇ ಹಳೇ ಸೈಕಲ್ ಅಂತ ಸಾಬೀತು ಮಾಡುವ ಕೆಲಸ ನಿಮ್ಮ ಮೇಲೆ ಬೀಳುತ್ತದೆ. ಇದಕ್ಕೆ ಒಂದೆರಡು ಗಂಟೆ ಮೊದಲೇ ಹೋಗಿ.

ಸೈಕಲ್ಲು

ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇಲ್ಲ, ಫ್ರೀವೀಲ್ ಇಲ್ಲ (ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ), ಗೊತ್ತಿರುವುದೇ. ಗೇರ್ ಬಗ್ಗೆ ಮಾತ್ರ ಹೇಳುತ್ತೇನೆ. ಮುಂದೆ 52, ಹಿಂದೆ 15 ಹಲ್ಲು ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸುಮಾರು 7.3 ಮೀಟರ್ ಹೋಗುತ್ತದೆ, 50 ಕಿಲೋಮೀಟರ್ ವೇಗಕ್ಕೆ ನಿಮಿಷಕ್ಕೆ 115ರ ಹತ್ತಿರ ತುಳಿಯಬೇಕು. ಹಿಂದೆ 14 ಹಾಕಿದರೆ 7.8 ಮೀಟರ್, 107. ಸಂಖ್ಯೆ ನೋಡಿದರೆ ದೊಡ್ಡ ಗೇರ್ ಸುಲಭ ಅನ್ನಿಸುತ್ತದೆ. ಆದರೆ ಮ್ಯಾಡಿಸನ್‌ನಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ನಿಮಿಷಕ್ಕೊಮ್ಮೆ ಅರ್ಧ ವೇಗದಿಂದ ಪೂರ್ತಿ ವೇಗಕ್ಕೆ ಏರಬೇಕು, ಅದಕ್ಕೆ ದೊಡ್ಡ ಗೇರ್ ಮೊಣಕಾಲನ್ನು ತಿಂದು ಹಾಕುತ್ತದೆ. ಹೊಸಬರು ಸಣ್ಣ ಗೇರ್‌ನಿಂದ ಶುರು ಮಾಡಿ, ಕಾಲು ಬೇಗ ತಿರುಗುವುದನ್ನು ಕಲಿಯಿರಿ. ಆರು ರಾತ್ರಿ ಆದ ಮೇಲೂ ಬೇಗ ತಿರುಗುವ ಕಾಲು ಉಳಿಯುತ್ತದೆ, ಒತ್ತುವ ಕಾಲು ಉಳಿಯುವುದಿಲ್ಲ.

ಜೊತೆಗೆ ಒಯ್ಯಬೇಕಾದದ್ದು: ಹಿಂದಿನ ಚಕ್ರಕ್ಕೆ 13ರಿಂದ 16 ಹಲ್ಲಿನವರೆಗಿನ ಸ್ಪ್ರಾಕೆಟ್, ಮುಂದಕ್ಕೆ ಎರಡು ಮೂರು ಚೈನ್‌ರಿಂಗ್, ಬೇರೆ ಬೇರೆ ಉದ್ದದ ಎರಡು ಚೈನು, ಒಂದು ಜೊತೆ ಎಕ್ಸ್‌ಟ್ರಾ ಚಕ್ರ, 15ರ ಪಾನಾ. ಟ್ಯೂಬುಲರ್ ಟೈರಿನ ಅಂಟನ್ನು ಹೊರಡುವ ವಾರ ಹಚ್ಚಬೇಡಿ, ಬಹಳ ಮೊದಲೇ ಹಚ್ಚಿ ಒಣಗಿಸಿ. ಅಲ್ಲಿ ಹೋದ ಮೇಲೆ ಗಾಳಿ ತೆಗೆದು ಹೆಬ್ಬೆರಳಲ್ಲಿ ಪಕ್ಕಕ್ಕೆ ತಳ್ಳಿ ನೋಡಿ, ಎಲ್ಲಿಯೂ ಏಳಬಾರದು. ಕಡಿದಾದ ತಿರುವಿನಲ್ಲಿ ಟೈರು ರಿಮ್ಮಿನಿಂದ ಜಾರಿದರೆ ನೀವೊಬ್ಬರೇ ಬೀಳುವುದಿಲ್ಲ.

ಗೂಡು, ನಿದ್ದೆ, ಊಟ

ಟ್ರ್ಯಾಕಿನ ಪಕ್ಕದಲ್ಲಿ ಪ್ರತಿ ಜೋಡಿಗೂ ಒಂದು ಪುಟ್ಟ ಕ್ಯಾಬಿನ್. ಮಲಗುವಷ್ಟು ಅಗಲದ ಹಲಗೆ, ಎಳೆದುಕೊಳ್ಳಲು ಒಂದು ಪರದೆ, ಟವೆಲ್ಲು, ಬಾಟಲಿ, ಒಣ ಬಟ್ಟೆ ಇಡಲು ಒಂಚೂರು ಜಾಗ, ಕೆಳಗೆ ಒಂದು ಬಕೆಟ್. ಬಕೆಟ್ ಯಾಕೆ ಅಂದರೆ ರೇಸ್ ಮಧ್ಯೆ ಟಾಯ್ಲೆಟ್ಟಿಗೆ ಹೋಗಿ ಬರುವಷ್ಟು ಸಮಯ ಇರುವುದಿಲ್ಲ. ಟ್ರ್ಯಾಕಿನ ನಡುವೆ ಸಾವಿರಾರು ಜನ ಬಿಯರ್ ಹಿಡಿದುಕೊಂಡು ನಿಂತಿರುತ್ತಾರೆ, ಹಾಡು ಕಿವಿ ಒಡೆಯುವ ಹಾಗೆ ಇರುತ್ತದೆ. ಆ ಗದ್ದಲದಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕಾಲು ಮೇಲೆತ್ತಿ ಮಲಗುವುದನ್ನು ಕಲಿಯಬೇಕು. ಇಯರ್‌ಪ್ಲಗ್ ಒಯ್ಯಿರಿ. ಸಾಧ್ಯವಾದರೆ ನಿಮ್ಮ ಕಡೆಯವರು ಒಬ್ಬರು ಜೊತೆಗಿರಲಿ, ಬೆವರು ಒರೆಸಲು, ಬಾಟಲಿ ಕೊಡಲು, ಮುಂದಿನ ರೇಸ್ ಯಾವುದು ಅಂತ ನೆನಪಿಸಲು. ಮೂರನೇ ರಾತ್ರಿ ಆ ನೆನಪು ನಿಮಗೆ ಇರುವುದಿಲ್ಲ.

ಚಳಿಗಾಲದಲ್ಲಿ ಬೆಲ್ಜಿಯಂಗಿಂತ ನಾವು ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಒಂದಕ್ಕೆ ರೇಸ್ ಮುಗಿದರೆ ನಿಮ್ಮ ಮೈಗೆ ಅದು ಬೆಳಗಿನ ಐದೂವರೆ. ಎಂಟು ಹತ್ತು ದಿನ ಮೊದಲೇ ಹೋಗಿ, ರಾತ್ರಿ ತಡವಾಗಿ ಮಲಗಿ ಬೆಳಗ್ಗೆ ಹತ್ತಕ್ಕೆ ಏಳುವ ರೂಢಿ ಮಾಡಿಕೊಳ್ಳಿ. ಊರಲ್ಲಿ ಐದಕ್ಕೆ ಎದ್ದು ರೋಡಿಗಿಳಿಯುವ ಅಭ್ಯಾಸ ಅಲ್ಲಿ ಬಿಟ್ಟುಬಿಡಿ. ಸಂಜೆ ಐದಕ್ಕೆ ಮೊದಲೇ ಕತ್ತಲಾಗುತ್ತದೆ, ಬೆಳಕು ಸಿಗುವ ಹೊತ್ತಲ್ಲಿ ಒಂದು ಗಂಟೆ ಹಗುರವಾಗಿ ಸೈಕಲ್ ತುಳಿದು ಬನ್ನಿ, ಸಾಕು.

ಊಟಕ್ಕೆ ಒಂದು ಸಣ್ಣ ರೈಸ್ ಕುಕ್ಕರ್ ಒಯ್ಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹೊಟ್ಟೆಗೆ ಗೊತ್ತಿರುವ ಊಟವೇ ಆರು ದಿನ ಕಾಪಾಡುತ್ತದೆ. ರೇಸ್‌ಗೆ ಮೂರು ಗಂಟೆ ಮೊದಲು ಅನ್ನ, ತೆಳ್ಳಗಿನ ಸಾರು, ಮೊಟ್ಟೆ. ಖಾರ ಬೇಡ, ಬೇಳೆ ಜಾಸ್ತಿ ಬೇಡ. ರೇಸ್ ನಡುವೆ ಗಂಟೆಗೆ 60 ಗ್ರಾಂನಷ್ಟು ಸಕ್ಕರೆ, ಪಿಷ್ಟ ಹೊಟ್ಟೆಗೆ ಹೋಗಲಿ: ಬಾಳೆಹಣ್ಣು, ಜಾಮ್ ಹಚ್ಚಿದ ಬಿಳಿ ಬ್ರೆಡ್, ಸಕ್ಕರೆ ನೀರು. ಮುಗಿದ ಅರ್ಧ ಗಂಟೆಯೊಳಗೆ ಮತ್ತೆ ಅನ್ನ ಮೊಸರು. ಹಸಿವಿಲ್ಲ ಅಂತ ಮಲಗಿದವರ ಕಾಲು ಮಾರನೇ ರಾತ್ರಿ ಖಾಲಿ.

ಸೀಟಿನ ಹುಣ್ಣಿನ ಬಗ್ಗೆ ನಾಚಿಕೆ ಬೇಡ. ತುಂಬಾ ಜನ ಮನೆಗೆ ಹೋಗುವುದು ಕಾಲು ಸೋತು ಅಲ್ಲ, ಇದರಿಂದ. ಪ್ರತಿ ರೇಸ್ ಆದ ಮೇಲೆ ಒದ್ದೆ ಶಾರ್ಟ್ಸ್ ತೆಗೆದು, ಒರೆಸಿ, ಒಣಗಿಸಿ, ಕ್ರೀಮ್ ಹಚ್ಚಿ ಬೇರೆ ಶಾರ್ಟ್ಸ್ ಹಾಕಿ. ರಾತ್ರಿಗೆ ಮೂರು ನಾಲ್ಕು ಜೊತೆ ಬೇಕು. ಮೊದಲ ದಿನದಿಂದಲೇ ಹೀಗೆ, ಹುಣ್ಣಾದ ಮೇಲೆ ಅಲ್ಲ.

ಚಳಿ, ಒಣ ಗಾಳಿ, ಜನಜಂಗುಳಿ. ಕೆಮ್ಮು ನೆಗಡಿ ಬರುವುದು ಸಹಜ. ಆಗ ಮನೆಯಿಂದ ತಂದ ನೆಗಡಿ ಮಾತ್ರೆ ಬಾಯಿಗೆ ಹಾಕಿಕೊಳ್ಳಬೇಡಿ. ಮೂಗು ಬಿಡಿಸುವ ಮಾತ್ರೆಗಳಲ್ಲಿ ಇರುವ ಸ್ಯೂಡೋಎಫೆಡ್ರಿನ್ ಒಂದು ಮಟ್ಟ ದಾಟಿದರೆ ಸ್ಪರ್ಧೆಯ ಹೊತ್ತಿನಲ್ಲಿ ನಿಷಿದ್ಧ. ಟ್ರಾಮಡಾಲ್ ಎಂಬ ನೋವಿನ ಮಾತ್ರೆಯೂ ಸ್ಪರ್ಧೆಯಲ್ಲಿ ನಿಷಿದ್ಧ. ಪದಾರ್ಥದ ಪಟ್ಟಿ ಇಲ್ಲದ ಜಿಮ್ ಪುಡಿ, ಲೇಹ್ಯ, ಚೂರ್ಣ ಯಾವುದೂ ಬ್ಯಾಗಿನಲ್ಲಿ ಇರಬಾರದು. ಹೊರಡುವ ಮೊದಲೇ ನಿಮ್ಮ ಪ್ರತಿ ಮಾತ್ರೆಯ ಹೆಸರನ್ನು ಆ ವರ್ಷದ ನಿಷಿದ್ಧ ಪಟ್ಟಿಯ ಜೊತೆ ಹೋಲಿಸಿ ನೋಡಿ. ಅಸ್ತಮಾ ಇದ್ದವರು ವೈದ್ಯರ ಪತ್ರ, ಬೇಕಾದರೆ ಔಷಧಕ್ಕೆ ಅನುಮತಿ ಪಡೆದೇ ಹೋಗಿ.

ಟ್ರ್ಯಾಕಿನ ಮೇಲೆ ಮೊದಲ ರಾತ್ರಿ

ಮೊದಲ ರಾತ್ರಿ ಗೆಲ್ಲಲು ಹೋಗಬೇಡಿ, ನಂಬಿಕೆ ಗಳಿಸಲು ಹೋಗಿ. ಅಲ್ಲಿರುವವರು ವರ್ಷಗಳಿಂದ ಜೊತೆಗೆ ತುಳಿದವರು. ಹೊಸ ಮುಖ ಗೆರೆ ಬಿಟ್ಟು ಅಲುಗಾಡುತ್ತದೆಯೋ ಇಲ್ಲವೋ ಅಂತ ಮೊದಲ ಹತ್ತು ನಿಮಿಷದಲ್ಲಿ ಎಲ್ಲರೂ ನೋಡಿಬಿಡುತ್ತಾರೆ. ಟ್ರ್ಯಾಕಿನ ಕೆಳಬದಿಯಲ್ಲಿ ಬಳಿದಿರುವ ಕಪ್ಪು ಗೆರೆ ಮತ್ತು ಅದರ ಮೇಲಿನ ಕೆಂಪು ಗೆರೆಯ ನಡುವೆ, ಅಂದರೆ ಸ್ಪ್ರಿಂಟಿನ ದಾರಿಯಲ್ಲಿ ಇದ್ದರೆ ಅಲ್ಲೇ ಇರಿ. ಆ ದಾರಿಯಲ್ಲಿ ಸ್ಪ್ರಿಂಟ್ ಮಾಡುತ್ತಿರುವವನನ್ನು ಹಿಂದೆ ಹಾಕಬೇಕಾದರೆ ಬಲಗಡೆಯಿಂದಲೇ. ತಿರುವಿಗೆ ಹೋಗುವಾಗ ಪೆಡಲ್ ಮೇಲಿನ ಒತ್ತಡ ಬಿಡಬೇಡಿ, ಹಿಂದಿನವನ ಮುಂಚಕ್ರ ನಿಮ್ಮ ಹಿಂಚಕ್ರದಿಂದ ಒಂದು ಗೇಣು ದೂರದಲ್ಲಿರುತ್ತದೆ. ಮೇಲೆ ವಿಶ್ರಾಂತಿಯಲ್ಲಿ ಸುತ್ತುವಾಗಲೂ ಕಣ್ಣು ತೆರೆದಿರಲಿ, ಬಹಳಷ್ಟು ಡಿಕ್ಕಿ ಆಗುವುದು ವಿಶ್ರಾಂತಿಯಲ್ಲಿರುವವನು ಗಮನ ತಪ್ಪಿದಾಗ.

ಸುತ್ತು ಕಳೆದುಕೊಂಡರೆ ಗಾಬರಿಯಾಗಿ ಒಬ್ಬರೇ ಹೊರಗೆ ಹಾರಬೇಡಿ. ಬೇರೆ ಜೋಡಿ ಸುತ್ತು ಗಳಿಸಲು ಹೊರಟಾಗ ಅವರ ಹಿಂಚಕ್ರ ಹಿಡಿಯಿರಿ. ಬದಲಾವಣೆ ತಪ್ಪಿ ಹೋದರೆ ಜೊತೆಗಾರ ಇನ್ನೊಂದು ಸುತ್ತು ಎಳೆಯಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಜಾಗ ಇಲ್ಲದ ಕಡೆ ಕೈ ನುಗ್ಗಿಸುವುದಕ್ಕಿಂತ ಒಂದು ಬದಲಾವಣೆ ಬಿಟ್ಟುಕೊಡುವುದೇ ಸರಿ.

ಯಾವತ್ತಿನ ಗಣಿತವೂ ಗುರುವಾರ, ಶುಕ್ರವಾರದ ಹೊತ್ತಿಗೆ ಬದಲಾಗುತ್ತದೆ. ಮೊದಲೆರಡು ರಾತ್ರಿ ಹಾರಾಡಿದ ಜೋಡಿಗಳ ಬದಲಾವಣೆ ಒರಟಾಗಲು ಶುರುವಾಗುತ್ತದೆ, ಕೈ ಸೇರುವುದು ತಡವಾಗುತ್ತದೆ. ಸ್ವಲ್ಪ ಶಕ್ತಿ ಉಳಿಸಿಕೊಂಡ ಜೋಡಿ ಅಂಕ ಕೂಡಿಸಬೇಕಾದದ್ದು ಆಗಲೇ. ಭಾನುವಾರದ ಕೊನೆಯ ಮ್ಯಾಡಿಸನ್‌ಗೆ ಒಂದು ಒಳ್ಳೆಯ ಜೊತೆ ಟೈರು, ಒಂದು ಒಣ ಜೊತೆ ಗ್ಲೌಸ್ ತೆಗೆದಿಟ್ಟಿರಿ. ಗ್ಲೌಸ್ ಒದ್ದೆಯಾಗಿದ್ದರೆ ಹಿಡಿತ ಜಾರುತ್ತದೆ.

ಮುಗಿದ ರಾತ್ರಿಯೇ ಸೈಕಲ್ ಬಿಚ್ಚಿ ಹೊರಡಬೇಡಿ. ಪೂರ್ತಿ ಫಲಿತಾಂಶದ ಪ್ರತಿಯನ್ನು ಅಧಿಕಾರಿಗಳಿಂದ ಪಡೆದುಕೊಳ್ಳಿ, ಫೆಡರೇಶನ್ನಿಗೂ ಮುಂದಿನ ವೀಸಾಗೂ ಅದೇ ದಾಖಲೆ. ಆಯೋಜಕರನ್ನು, ನಿಮಗೆ ಪೇಸ್ ಕೊಟ್ಟ ಡರ್ನಿಯವರನ್ನು, ಪಕ್ಕದ ಕ್ಯಾಬಿನ್‌ನವರನ್ನು ಇಬ್ಬರೂ ಜೊತೆಗೇ ಹೋಗಿ ಮಾತಾಡಿಸಿ. ಆ ಚಳಿಗಾಲದಲ್ಲಿ ಬೇರೆ ಯಾವ ಊರಲ್ಲಿ ಜೋಡಿ ಬೇಕಾಗಿದೆ ಅನ್ನುವ ಸುದ್ದಿ ಮೊದಲು ಓಡಾಡುವುದು ಅಲ್ಲೇ, ಕ್ಯಾಬಿನ್‌ಗಳ ನಡುವೆ.